ಹಗ್ಗದ ಮೇಲಿನ ತುದಿ

ಮುರಿಗೆಯ್ಯನೆಂಬ ಶಿಷ್ಯ ಒಂದು ದಿನ ಗುರುಗಳನ್ನು ಕೇಳಿದ:

“ಸ್ವಾಮಿ, ಒಳ್ಳೆಯ ಕಸುಬುದಾರನನ್ನು ಹೊರದೇಶದವರು ಕರೆಯುತ್ತಾರೆ. ಅಲ್ಲಿ ಕೂಲಿ ಹೆಚ್ಚು, ಅನುಕೂಲ ಹೆಚ್ಚು. ಆದರೂ ಅವನು ಹೊರಡಲು ಹಿಂದೆಮುಂದೆ ನೋಡುತ್ತಾನೆ. ಕೈಯಲ್ಲಿ ವಿದ್ಯೆ ಇದ್ದವನಿಗೆ ಯಾವ ಊರಾದರೇನು? ಇದು ಬರಿಯ ಪುಕ್ಕಲುತನವಲ್ಲವೆ?”

ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಮಠದ ಕೆಳಗಿನ ಪೇಟೆಯಲ್ಲಿ ಕಂಚಿನ ಎರಕ ಹೊಯ್ಯುವವನೊಬ್ಬನಿದ್ದ. ಅವನಿಗೆ ದೂರದೇಶದಿಂದ ಕರೆ ಬಂದು ಎರಡು ತಿಂಗಳಾಗಿತ್ತು. ಅವನು ಹೋಗುತ್ತೇನೆ ಎನ್ನಲಿಲ್ಲ, ಹೋಗುವುದಿಲ್ಲ ಎನ್ನಲೂ ಇಲ್ಲ. ಪೇಟೆಯಲ್ಲಿ ಅದೇ ಮಾತಾಗಿತ್ತು.

ಗುರುಗಳು ಗಿಡಗಳಿಗೆ ಪಾತಿ ಮಾಡುತ್ತಿದ್ದರು. ಕೈ ತೊಳೆದುಕೊಂಡು ಬಂದು ಜಗಲಿಯ ಮೇಲೆ ಕುಳಿತರು. ಶಿಷ್ಯನನ್ನೂ ಕೂರಲು ಹೇಳಿ ಈ ಕತೆಯನ್ನು ಹೇಳಿದರು.

ಸಮುದ್ರದ ಆಚೆ ಒಂದು ಬಂದರಿನ ಪಟ್ಟಣವಿತ್ತು. ಅಲ್ಲಿಯ ಬಾವಿಗಳ ನೀರು ಒಂದೊಂದಾಗಿ ಉಪ್ಪಾಗುತ್ತ ಬಂತು. ಕುಡಿಯುವ ನೀರನ್ನು ದೋಣಿಯಲ್ಲಿ ತರಬೇಕಾಯಿತು. ಬಿರುಗಾಳಿ ಎದ್ದ ದಿನ ದೋಣಿ ಬರುತ್ತಿರಲಿಲ್ಲ. ಆಗ ಜನ ಉಪ್ಪುನೀರನ್ನೇ ಕುಡಿದರು. ಮಕ್ಕಳು ಹೊಟ್ಟೆ ಕೆಟ್ಟು ಹಾಸಿಗೆ ಹಿಡಿದರು. ಊರಿನ ಬಾವಿ ತೋಡುವವರು ಮೂರು ಕಡೆ ತೋಡಿ ನೋಡಿದರು. ಎಲ್ಲ ಕಡೆಯೂ ಮೇಲೆ ಮರಳು, ಅದರ ಕೆಳಗೆ ಬಂಡೆ. ಬಂಡೆಯ ಕೆಳಗೆ ಸಿಹಿನೀರು ಇದ್ದೀತು ಎಂದು ಅವರು ಹೇಳಿದರು. ಅಷ್ಟು ಆಳಕ್ಕೆ ಇಳಿಯುವುದು ಮಾತ್ರ ತಮ್ಮಿಂದಾಗದು ಎಂದು ಗುದ್ದಲಿ ಕೆಳಗಿಟ್ಟರು.

ಊರಿನ ಹಿರಿಯರು ಒಬ್ಬ ವರ್ತಕನನ್ನು ಕರೆಸಿದರು. ಅವನಿಗೆ ಈಚೆ ದಡದ ಭಾಷೆ ಬರುತ್ತಿತ್ತು. ಅವನ ತಾಯಿ ಈಚೆ ದಡದವಳು. ಮದುವೆಯಾಗಿ ಆಚೆ ಹೋಗಿ ಅಲ್ಲಿಯೇ ತೀರಿಕೊಂಡವಳು. ಅಮ್ಮನ ಊರಿನ ಕಡೆ ಆಳವಾದ ಬಾವಿ ತೋಡುವವರಿದ್ದಾರೆ ಎಂದು ಅವನು ಚಿಕ್ಕಂದಿನಲ್ಲಿ ಕೇಳಿದ್ದ. ಹಿರಿಯರು ಅವನಿಗೆ ಹಡಗು ಕೊಟ್ಟರು, ಆರು ಮಂದಿ ನಾವಿಕರನ್ನು ಕೊಟ್ಟರು. ಬಂಡೆ ಒಡೆದು ನೀರು ತೆಗೆಯಬಲ್ಲ ಒಬ್ಬನನ್ನು ಕರೆದು ತಾ, ಅವನು ಏನು ಕೇಳಿದರೂ ಒಪ್ಪಿಕೋ ಎಂದು ಹೇಳಿ ಕಳಿಸಿದರು.

ವರ್ತಕ ಮಾತಿಗೆ ತಪ್ಪುವವನಲ್ಲ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟವನೂ ಅಲ್ಲ. ಈ ದಡಕ್ಕೆ ಬಂದು ಇಳಿದವನೇ ವಿಚಾರಿಸತೊಡಗಿದ. ಯಾರನ್ನು ಕೇಳಿದರೂ ಒಬ್ಬನ ಕಡೆಗೇ ಬೆರಳು ತೋರಿಸಿದರು. ಅವನು ತೋಡಿದ ಬಾವಿ ಬತ್ತಿದ್ದನ್ನು ಯಾರೂ ನೋಡಿಲ್ಲ, ಅವನು ಕಟ್ಟಿದ ಗೋಡೆ ಕುಸಿದಿದ್ದನ್ನೂ ನೋಡಿಲ್ಲ ಎಂದರು. ವರ್ತಕ ಆ ಊರನ್ನು ಹುಡುಕಿಕೊಂಡು ಹೋದ. ಅದು ಅವನ ತಾಯಿ ಹುಟ್ಟಿದ ಊರೇ ಆಗಿತ್ತು.

ಊರ ಹೊರಗೆ ನೇಕಾರರ ಕೇರಿಗಾಗಿ ಒಂದು ಬಾವಿಯ ಕೆಲಸ ನಡೆದಿತ್ತು. ಆಗಲೇ ಎಂಟಾಳುದ್ದ ಇಳಿದಿತ್ತು. ವರ್ತಕ ಬಗ್ಗಿ ನೋಡಿದರೆ ಕತ್ತಲೆಯ ಹೊರತು ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸಣ್ಣ ಮೈಕಟ್ಟಿನ ಒಬ್ಬ ಮನುಷ್ಯ ಮೈಯೆಲ್ಲ ಕೆಸರಾಗಿ ಮೇಲೆ ಬಂದ. ಇವನೇ ಆ ಬಾವಿ ತೋಡುವವನು ಎಂದು ತಿಳಿದಾಗ ವರ್ತಕನಿಗೆ ಆಶ್ಚರ್ಯವಾಯಿತು. ಅವನು ದೈತ್ಯನಂಥ ಆಳನ್ನು ಊಹಿಸಿಕೊಂಡಿದ್ದ.

ವರ್ತಕ ತಾನು ಬಂದ ಕಾರಣ ಹೇಳಿದ. ಇಲ್ಲಿ ಸಿಗುವ ಕೂಲಿಯ ಮೂರು ಪಟ್ಟು ಕೂಲಿ, ಇರಲು ಕಲ್ಲಿನ ಮನೆ, ಊರ ಸಭೆಯಲ್ಲಿ ಕೂರಲು ಜಾಗ, ಬೇಕೆಂದಷ್ಟು ಕಾಲ ಕೆಲಸ. ಬಾವಿ ತೋಡುವವನು ಪೂರ್ತಿ ಕೇಳಿದ. ಕೂಲಿಯ ಮಾತೆತ್ತಲಿಲ್ಲ. ಅಲ್ಲಿಯ ಮಣ್ಣು ಎಂಥದು, ಬಂಡೆಯ ಬಣ್ಣ ಯಾವುದು, ಹೊಡೆದರೆ ಹೇಗೆ ಸದ್ದು ಕೊಡುತ್ತದೆ ಎಂದು ಕೇಳಿದ. ಮಕ್ಕಳು ಕಾಯಿಲೆ ಬಿದ್ದ ಸಂಗತಿಯನ್ನು ಇನ್ನೊಮ್ಮೆ ಹೇಳಿಸಿಕೊಂಡ. ಕೊನೆಗೆ, ಯೋಚಿಸಿ ಹೇಳುತ್ತೇನೆ ಎಂದ.

ಗಾಳಿ ತಿರುಗಲು ಇನ್ನು ನಲವತ್ತು ದಿನವಿತ್ತು. ಆ ಗಾಳಿಗೆ ಹೊರಟರೆ ಹಡಗು ತಿರುಗಿ ಹೋಗುತ್ತದೆ. ಇಲ್ಲವಾದರೆ ಒಂದು ವರ್ಷ ಕಾಯಬೇಕು. ವರ್ತಕ ಮೂರು ದಿನ ಕಾದ. ನಾಲ್ಕನೆಯ ದಿನ ಕೇಳಿದಾಗ ಬಾವಿ ತೋಡುವವನು ಅದೇ ಉತ್ತರ ಕೊಟ್ಟ. ಬೆಲೆ ಏರಿಸುತ್ತಿದ್ದಾನೆ ಎಂದುಕೊಂಡ ವರ್ತಕ ಕೂಲಿಯನ್ನು ನಾಲ್ಕು ಪಟ್ಟು ಮಾಡಿದ. ಬಾವಿ ತೋಡುವವನಿಗೆ ನಾಚಿಕೆಯಾಯಿತು. ಅವನು ತಲೆ ತಗ್ಗಿಸಿಕೊಂಡು ಬಾವಿಗೆ ಇಳಿದುಬಿಟ್ಟ.

ಹತ್ತನೆಯ ದಿನ ವರ್ತಕನ ತಾಳ್ಮೆ ಮುಗಿಯಿತು. ಊಟದ ಹೊತ್ತಿನಲ್ಲಿ ಎಲ್ಲರ ಎದುರಿಗೇ ಕೇಳಿಬಿಟ್ಟ:

“ಸಮುದ್ರಕ್ಕೆ ಹೆದರಿದೆಯಾ?”

ಕೆಲಸದವರು ತುತ್ತು ಕೈಯಲ್ಲೇ ಹಿಡಿದು ಕುಳಿತರು. ಬಾವಿ ತೋಡುವವನಿಗೆ ಸಿಟ್ಟು ಬರಲಿಲ್ಲ.

“ಹೆದರಿಕೆ ಇದೆ ಸಾಹುಕಾರರೆ,” ಎಂದ. “ಯಾವುದರ ಹೆದರಿಕೆ ಎಂದು ಹೇಳಲು ನನಗೇ ಇನ್ನೂ ಬರುತ್ತಿಲ್ಲ.”

ವರ್ತಕ ಆ ಮಾತನ್ನು ನಂಬಲಿಲ್ಲ. ಎಂಟಾಳುದ್ದದ ಕತ್ತಲೆಗೆ ದಿನವೂ ಇಳಿಯುವವನು ತನ್ನ ಹೆದರಿಕೆ ಯಾವುದೆಂದು ತಿಳಿಯದೆ ಇರುತ್ತಾನೆಯೇ ಎಂದುಕೊಂಡ. ಆದರೆ ಬೇರೆ ದಾರಿ ಇರಲಿಲ್ಲ. ಬೇರೆ ಕೆಲಸವೂ ಇರಲಿಲ್ಲ. ಅವನು ದಿನವೂ ಬಂದು ಬಾವಿಯ ಹತ್ತಿರದ ಕಲ್ಲಿನ ಮೇಲೆ ಕುಳಿತು ಕೆಲಸ ನೋಡತೊಡಗಿದ.

ಮೊದಲ ದಿನಗಳಲ್ಲಿ ಅವನ ಕಣ್ಣು ಬಾವಿಯ ಬಾಯಿಯ ಮೇಲೆಯೇ ಇತ್ತು. ಆಮೇಲೆ ಹಗ್ಗದ ಮೇಲೆ ಬಿತ್ತು. ಮಣ್ಣಿನ ಬುಟ್ಟಿಗಳು ರಾಟೆಯ ಹಗ್ಗದಲ್ಲಿ ಮೇಲೆ ಬರುತ್ತಿದ್ದವು. ಅದನ್ನು ನಾಲ್ಕು ಮಂದಿ ಆಳುಗಳು ಎಳೆಯುತ್ತಿದ್ದರು. ಬಾವಿ ತೋಡುವವನ ಸೊಂಟದ ಹಗ್ಗ ಬೇರೆ. ಅದನ್ನು ಒಬ್ಬ ಹೆಂಗಸು ಹಿಡಿದಿರುತ್ತಿದ್ದಳು. ನಡುವಯಸ್ಸಿನವಳು. ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಹಾಕಿ, ತುದಿಯನ್ನು ತನ್ನ ಬೆನ್ನಿನ ಹಿಂದಿನಿಂದ ತಂದು ಕೈಯಲ್ಲಿ ಹಿಡಿದು ನಿಲ್ಲುವಳು. ಅವಳು ಬಾವಿ ತೋಡುವವನ ಅಕ್ಕ. ಇಪ್ಪತ್ತೆರಡು ವರ್ಷಗಳಿಂದ ಅವನ ಹಗ್ಗವನ್ನು ಬೇರೆ ಯಾರೂ ಹಿಡಿದಿರಲಿಲ್ಲ.

ಅವಳು ಕೆಳಗೆ ಬಗ್ಗಿ ನೋಡುತ್ತಿರಲಿಲ್ಲ. ಕೂಗಿ ಕೇಳುತ್ತಲೂ ಇರಲಿಲ್ಲ. ದಾರಿಯಲ್ಲಿ ನೀರಿಗೆ ಹೋಗುವ ಹೆಂಗಸರ ಜೊತೆ ಮಾತಾಡುತ್ತಿದ್ದವಳು ನಡುವೆ ಮಾತು ನಿಲ್ಲಿಸಿ ಹಗ್ಗವನ್ನು ಒಂದು ಗೇಣು ಬಿಗಿ ಮಾಡುವಳು. ಇನ್ನೊಮ್ಮೆ ಸಡಿಲ ಬಿಡುವಳು. ಒಂದು ಸಲ, ಯಾರೂ ಕೇಳದೆಯೇ, ನೀರಿನ ತಂಬಿಗೆಯನ್ನು ಕೆಳಗಿಳಿಸಲು ಆಳುಗಳಿಗೆ ಹೇಳಿದಳು. ಅದು ಖಾಲಿಯಾಗಿ ಮೇಲೆ ಬಂತು. ತಮ್ಮನಿಗೆ ಬಾಯಾರಿದ್ದು ಹೇಗೆ ತಿಳಿಯಿತೆಂದು ವರ್ತಕ ಕೇಳಿದ. ಅವಳು ಬಹಳ ಹೊತ್ತು ಯೋಚಿಸಿ, ಹಗ್ಗದ ತೂಕ ಬೇರೆಯಾಗುತ್ತದೆ ಎಂದಳು. ತೂಕ ಹೇಗೆ ಬೇರೆಯಾಗುತ್ತದೆ ಎಂದು ಕೇಳಿದರೆ ಅವಳಿಗೆ ಹೇಳಲು ಬರಲಿಲ್ಲ.

ವರ್ತಕ ಬುದ್ಧಿವಂತ. ಗಂಟು ಎಲ್ಲಿದೆಯೆಂದು ಅವನಿಗೆ ತಿಳಿಯಿತು, ಅಥವಾ ತಿಳಿಯಿತು ಎಂದುಕೊಂಡ. ಅಂದು ಸಂಜೆ ಬಾವಿ ತೋಡುವವನ ಹತ್ತಿರ ಮಾತಾಡಿದ. ನಿನ್ನ ಚಿಂತೆ ಹಗ್ಗದ್ದಾದರೆ ಅದನ್ನು ಬಿಟ್ಟುಬಿಡು, ನನ್ನ ನಾವಿಕರು ಹುಟ್ಟಿದಾಗಿನಿಂದ ಹಗ್ಗ ಹಿಡಿದವರು, ಅವರ ಹಿರಿಯನ ಕೈಯಲ್ಲಿ ಮೂವತ್ತು ವರ್ಷಗಳಲ್ಲಿ ಒಂದು ಜೀವವೂ ಹೋಗಿಲ್ಲ, ಬೇಕಾದರೆ ಒಂದು ದಿನ ಪರೀಕ್ಷೆ ಮಾಡಿ ನೋಡು ಎಂದ. ಬಾವಿ ತೋಡುವವನು ಅಕ್ಕನ ಮುಖ ನೋಡಿದ. ಅವಳು, ಅವರು ಹೇಳುವುದು ನ್ಯಾಯವಾಗಿದೆ, ನೋಡೋಣ ಎಂದಳು.

ಅವಳು ವರ್ತಕನ ಬಾಯಿಂದ ಹೇಳಿಸಿ ನಾವಿಕರಿಗೆ ಎರಡು ದಿನ ಕಲಿಸಿದಳು. ಒಂದು ಎಳೆತ ಎಂದರೆ ಬುಟ್ಟಿ ತುಂಬಿತು. ಎರಡು ಎಂದರೆ ಸಲಕರಣೆ ಇಳಿಸಿ. ಮೂರು ಎಂದರೆ ನನ್ನನ್ನು ಮೇಲೆತ್ತಿ. ಹೇಳಬಹುದಾದದ್ದು ಅಷ್ಟೇ ಇತ್ತು. ಉಳಿದದ್ದು ಹೇಳಲು ಅವಳಿಗೇ ಗೊತ್ತಿರಲಿಲ್ಲ. ನಾವಿಕರು ಶ್ರದ್ಧೆಯಿಂದ ಕಲಿತರು. ಹಿರಿಯ ನಾವಿಕ ಒಂದೊಂದನ್ನೂ ತಿರುಗಿ ಹೇಳಿ ಒಪ್ಪಿಸಿದ.

ಮೂರನೆಯ ದಿನ ಬೆಳಿಗ್ಗೆ ನಾವಿಕರು ಹಗ್ಗ ಹಿಡಿದರು. ಬಾವಿ ತೋಡುವವನು ಇಳಿದ. ಅಕ್ಕ ದೂರದಲ್ಲಿ, ಮಣ್ಣಿನ ಗುಡ್ಡೆಯ ನೆರಳಿನಲ್ಲಿ ಕುಳಿತಳು. ಏನು ಮಾಡಬೇಕೆಂದು ತೋಚದೆ ಅವಳ ಕೈಗಳು ಸೆರಗನ್ನು ಸುತ್ತುತ್ತ ಬಿಚ್ಚುತ್ತ ಇದ್ದವು. ಮಧ್ಯಾಹ್ನದವರೆಗೆ ಎಲ್ಲವೂ ಸರಿಯಾಗಿ ನಡೆಯಿತು. ಬುಟ್ಟಿಗಳು ಬಂದವು, ಹಾರೆ ಇಳಿಯಿತು, ಒಂದು ತಪ್ಪೂ ಆಗಲಿಲ್ಲ. ವರ್ತಕನ ಮನಸ್ಸು ಹಗುರಾಯಿತು. ಅವನು ಮನಸ್ಸಿನಲ್ಲೇ ಹಡಗು ಹತ್ತಿಯೂ ಆಗಿತ್ತು.

ಆಗ ಬಾವಿಯ ಬದಿಯಲ್ಲಿ ಒಂದು ಊಟೆ ಒಡೆಯಿತು. ನೀರಿನ ಜೊತೆಗೆ ಮರಳೂ ನುಗ್ಗಿತು. ಒಂದು ಕಲ್ಲು ಜಾರಿ ಬಾವಿ ತೋಡುವವನ ಕಾಲಿನ ಮೇಲೆ ಬಿತ್ತು. ಮೂರು ಸಲ ಎಳೆಯಲು ಅವನಿಗೆ ಸಮಯವಿರಲಿಲ್ಲ. ಒಂದೇ ಒಂದು ಸಲ, ಇದ್ದ ಶಕ್ತಿಯನ್ನೆಲ್ಲ ಹಾಕಿ ಹಗ್ಗವನ್ನು ಜಗ್ಗಿದ.

ಎಳೆತ ಒಂದೇ, ಆದರೆ ಬುಟ್ಟಿ ತುಂಬಿತು ಎನ್ನುವ ಎಳೆತದಂತೆ ಇರಲಿಲ್ಲ; ಕಲಿಸಿದ ಮೂರರಲ್ಲಿ ಯಾವುದೂ ಅದಾಗಿರಲಿಲ್ಲ. ನಾವಿಕರು ಗಾಬರಿಯಾದರು. ಗಾಬರಿಯಲ್ಲಿ ಮನುಷ್ಯ ಹೊಸದಾಗಿ ಕಲಿತದ್ದನ್ನು ಮರೆತು ಹಳೆಯದನ್ನೇ ಮಾಡುತ್ತಾನೆ. ಸಮುದ್ರದಲ್ಲಿ ಹಗ್ಗ ಹಾಗೆ ಜಗ್ಗಿದರೆ ಅದನ್ನು ಸಡಿಲ ಬಿಡಬೇಕು. ಹಿಡಿದುಕೊಂಡರೆ ಹಗ್ಗ ಹರಿಯುತ್ತದೆ, ಇಲ್ಲವೆ ಹಿಡಿದವನೇ ಅಲೆಗೆ ಬೀಳುತ್ತಾನೆ. ಅವರು ಹಗ್ಗವನ್ನು ಸಡಿಲ ಬಿಟ್ಟರು.

ಅಕ್ಕ ದೂರದಿಂದಲೇ ಅದನ್ನು ನೋಡಿದಳು. ಅವಳು ಎದ್ದದ್ದು ಯಾವಾಗ, ಓಡಿದ್ದು ಯಾವಾಗ ಎಂದು ವರ್ತಕನಿಗೆ ತಿಳಿಯಲಿಲ್ಲ. ನೋಡುವಷ್ಟರಲ್ಲಿ ಹಗ್ಗ ಅವಳ ಕೈಯಲ್ಲಿತ್ತು. ಗೂಟಕ್ಕೆ ಸುತ್ತು ಹಾಕಿ ಸಡಿಲವನ್ನೆಲ್ಲ ಎಳೆದುಕೊಂಡು ಬಿಗಿ ಮಾಡಿದಳು. ಅಷ್ಟು ಮಾಡಿ ನಿಂತುಬಿಟ್ಟಳು. ನಾವಿಕರು ಹಿಂದಿನಿಂದ ಹಗ್ಗಕ್ಕೆ ಕೈ ಹಾಕಿ ಎಳೆಯಲು ಹೋದರು. ವರ್ತಕನೂ ಎಳೆಯಿರಿ ಎಂದ.

“ಇನ್ನೂ ಇಲ್ಲ,” ಎಂದಳು ಅಕ್ಕ.

ಮರಳಿನಲ್ಲಿ ಹೂತವನನ್ನು ಎಳೆದರೆ ಮೈ ಮುರಿಯುತ್ತದೆ. ಅವನು ಹಗ್ಗದ ಆಸರೆಯಲ್ಲಿ ನಿಂತು ತನ್ನನ್ನು ತಾನೇ ಬಿಡಿಸಿಕೊಳ್ಳಬೇಕು. ಅವಳು ಕಣ್ಣು ಮುಚ್ಚಿ ನಿಂತಿದ್ದಳು. ಕೆಳಗೆ ನೀರು ಏರುವ ಸದ್ದು ಕೇಳುತ್ತಿತ್ತು. ವರ್ತಕನಿಗೆ ಆ ಹೊತ್ತು ಸಮುದ್ರದ ಮೇಲೆ ಕಳೆದ ಎಷ್ಟೋ ವಾರಗಳಿಗಿಂತ ಉದ್ದವಾಗಿ ಕಂಡಿತು. ಅವಳ ಹೆಬ್ಬೆರಳು ಹಗ್ಗದ ಮೇಲೆ ಒಂದು ಸಲ ಅಲುಗಿತು. ಈಗ ನಿಧಾನವಾಗಿ ಎಂದಳು. ಎಲ್ಲರೂ ಸೇರಿ ಅವಳ ಉಸಿರಿಗೆ ಸರಿಯಾಗಿ ಎಳೆದರು. ಬಾವಿ ತೋಡುವವನು ಮೇಲೆ ಬಂದ. ಒಂದು ಕಾಲು ಮುರಿದಿತ್ತು. ಜೀವ ಉಳಿದಿತ್ತು.

ಹಿರಿಯ ನಾವಿಕ ಅವನ ಪಕ್ಕದಲ್ಲಿ ಕುಸಿದು ಕುಳಿತ. ಕೊಲ್ಲಬೇಕೆಂದಿರಲಿಲ್ಲ ಎಂದು ತನ್ನ ಭಾಷೆಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದ. ವರ್ತಕ ಅದನ್ನು ಈ ಭಾಷೆಗೆ ತಿರುಗಿಸಿ ಹೇಳಿದ. ಬಾವಿ ತೋಡುವವನು ನೋವಿನಲ್ಲೂ ನಾವಿಕನ ಕೈ ಹಿಡಿದುಕೊಂಡು, ನೀನು ಮಾಡಿದ್ದು ನಿನ್ನ ನೀರಿನಲ್ಲಿ ಸರಿಯಾದದ್ದೇ, ಇದು ಬೇರೆ ನೀರು, ಅಷ್ಟೇ ಎಂದ.

ಕಾಲಿಗೆ ಕಟ್ಟು ಹಾಕಿದರು. ವರ್ತಕ ದಿನವೂ ಅವನ ಹಾಸಿಗೆಯ ಬಳಿ ಬಂದು ಕೂರುತ್ತಿದ್ದ. ಕರೆಯ ಮಾತನ್ನು ಎತ್ತುವ ಮುಖ ಅವನಿಗಿರಲಿಲ್ಲ. ಐದನೆಯ ದಿನ ಬಾವಿ ತೋಡುವವನೇ ಎತ್ತಿದ.

“ಈಗ ಹೇಳಲು ಬರುತ್ತದೆ ಸಾಹುಕಾರರೆ. ಕಸುಬು ನನ್ನ ಕೈಯಲ್ಲಿದೆ ಎಂದು ನಾನೂ ತಿಳಿದಿದ್ದೆ, ನೀವೂ ತಿಳಿದಿದ್ದಿರಿ. ಅದಕ್ಕೇ ನೀವು ನನ್ನನ್ನು ಕರೆಯಲು ಬಂದಿರಿ. ಅದರಲ್ಲಿ ಅರ್ಧ ಮೇಲಿತ್ತು. ಆ ಅರ್ಧವನ್ನು ನಾನು ಒಂದು ದಿನವೂ ಕಣ್ಣಿಂದ ನೋಡಿದವನಲ್ಲ. ಕೆಳಗಿರುವವನಿಗೆ ಅದು ಕಾಣುವುದಿಲ್ಲ.”

ವರ್ತಕನಿಗೆ ಒಂದು ದಾರಿ ಹೊಳೆಯಿತು. ಇಬ್ಬರನ್ನೂ ಕರೆದೊಯ್ದರೆ ಆಯಿತಲ್ಲ. ಅವನು ಅಕ್ಕನ ಮನೆಗೆ ಹೋದ. ಅವಳ ಗಂಡ ಕುಂಬಾರ; ಅಂಗಳದಲ್ಲಿ ತಿಗುರಿಯ ಮುಂದೆ ಕುಳಿತಿದ್ದ. ವರ್ತಕ ತಮ್ಮನಿಗೂ ನಿನಗೂ ಸಮನಾದ ಕೂಲಿ ಕೊಡುತ್ತೇನೆ, ಗಂಡನೂ ಬರಲಿ ಎಂದ. ಅವಳು ಕರೆಯನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ತನ್ನನ್ನೂ ಒಬ್ಬರು ಕರೆದದ್ದು ಅವಳಿಗೆ ಸಂತೋಷವಾಗಿತ್ತು. ಆದರೆ ತನ್ನ ಮನೆಯ ಪರಿಸ್ಥಿತಿಯನ್ನು ಒಂದೊಂದಾಗಿ ಹೇಳಿದಳು. ಗಂಡನ ಕೈಗೆ ಈ ಹೊಳೆಯಂಚಿನ ಮಣ್ಣು ಗೊತ್ತು, ಬೇರೆ ಮಣ್ಣು ಹೇಗೋ ಏನೋ. ಮಗಳು ಏಳು ತಿಂಗಳ ಬಸುರಿ, ಬಾಣಂತನಕ್ಕೆ ಬರುವವಳಿದ್ದಾಳೆ. ತಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಬಾವಿಯ ಹತ್ತಿರ ನಿಂತರೆ ಮನೆಯ ಒಲೆ ಹೊತ್ತಿಸುವವಳು ಪಕ್ಕದ ಮನೆಯ ಅಜ್ಜಿ. ಆ ಅಜ್ಜಿಗೆ ಮೊಣಕಾಲು ನೋವು. ಅವಳಿಗೆ ನೀರು ಹೊತ್ತು ಕೊಡುವವರು ಎದುರು ಮನೆಯ ನೇಕಾರರು. ಆ ನೇಕಾರರಿಗಾಗಿಯೇ ತಮ್ಮ ಈ ಬಾವಿ ತೋಡುತ್ತಿರುವುದು.

ವರ್ತಕ ಒಬ್ಬೊಬ್ಬರನ್ನೂ ಬೆರಳು ಮಡಿಸಿ ಎಣಿಸುತ್ತ ಹೋದ. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದ. ಆಮೇಲೆ ಎಣಿಸುವುದನ್ನು ಬಿಟ್ಟ. ಅವನಿಗೆ ನಗುವೂ ಬಂತು. ಅವನ ಹಡಗು ಸಣ್ಣದಲ್ಲ, ಆದರೂ ಒಂದು ಕೇರಿ ಅದರಲ್ಲಿ ಹಿಡಿಸುತ್ತಿರಲಿಲ್ಲ.

ಅಷ್ಟರಲ್ಲಿ ಆ ಪಕ್ಕದ ಮನೆಯ ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. ಹೊಸಬನನ್ನು ಯಾರ ಮಗ ಎಂದು ವಿಚಾರಿಸಿದಳು. ವರ್ತಕ ತಾಯಿಯ ಹೆಸರು ಹೇಳಿದ. ಅಜ್ಜಿ ಅಲ್ಲೇ ಕುಳಿತುಬಿಟ್ಟಳು. ಅವಳು ಆ ತಾಯಿಯ ಓರಗೆಯವಳು. ನಿನ್ನ ತಾಯಿ ಬಾಯಿ ಬಿಟ್ಟರೆ ಈ ಕೇರಿಯ ಹೆಂಗಸರೆಲ್ಲ ಕೆಲಸ ಬಿಟ್ಟು ನಗುತ್ತಿದ್ದರು, ಮಾತಿನಲ್ಲಿ ಅವಳನ್ನು ಗೆದ್ದವರಿರಲಿಲ್ಲ, ಎರಡು ಮನೆಗಳ ಜಗಳವನ್ನು ಅವಳು ಒಂದು ಮಾತಿನಲ್ಲಿ ಬಿಡಿಸುತ್ತಿದ್ದಳು ಎಂದು ಹೇಳಿದಳು.

ವರ್ತಕನಿಗೆ ಗೊತ್ತಿದ್ದ ತಾಯಿ ಮಿತಭಾಷಿ. ಆಚೆ ದಡದಲ್ಲಿ ಅವಳು ಮಾತು ಶುರು ಮಾಡಿ, ನಡುವೆ ಒಂದು ಪದಕ್ಕಾಗಿ ತಡಕಾಡಿ, ಸಿಗದೆ, ಹೋಗಲಿ ಬಿಡು ಎಂದು ನಿಲ್ಲಿಸುತ್ತಿದ್ದಳು. ಊರಿನವರು ಅವಳನ್ನು ಸಾಧು ಹೆಂಗಸು ಎನ್ನುತ್ತಿದ್ದರು. ಅದು ಅವಳ ಸ್ವಭಾವವೆಂದೇ ಮಗನೂ ತಿಳಿದಿದ್ದ.

ಅವನು ಅಂದು ಬಾವಿ ತೋಡುವವನ ಮನೆಗೆ ಹಿಂತಿರುಗಿ ಹೋದ. ಎಲ್ಲರ ಎದುರಿಗೆ ಹೆದರಿದೆಯಾ ಎಂದು ಕೇಳಿದ್ದಕ್ಕೆ ಕ್ಷಮೆ ಕೇಳಿದ. ಇನ್ನು ನಿನ್ನನ್ನು ಕರೆಯುವುದಿಲ್ಲ ಎಂದ. ಆದರೆ ಬಾವಿ ತೋಡುವವನಿಗೆ ಅದು ಸಮಾಧಾನ ತರಲಿಲ್ಲ. ಆ ಮಕ್ಕಳ ಗತಿ ಏನು ಎಂದು ಅವನು ಕೇಳಿದ.

ಉತ್ತರ ಕೊಟ್ಟವನು ಹಿರಿಯ ನಾವಿಕ. ಬಾವಿಯ ಆ ಮಧ್ಯಾಹ್ನದಿಂದ ಅವನು ಸರಿಯಾಗಿ ಉಂಡಿರಲಿಲ್ಲ. ಅವನು ವರ್ತಕನ ಬಳಿ ಬಂದು, ತನ್ನನ್ನು ಇಲ್ಲೇ ಬಿಟ್ಟುಹೋಗಬೇಕೆಂದು ಬೇಡಿದ. ನನ್ನ ತಮ್ಮ ಆಚೆ ದಡದಲ್ಲಿ ಕಲ್ಲು ಒಡೆಯುವ ಕೆಲಸ ಮಾಡುತ್ತಾನೆ, ಮುಂದಿನ ಗಾಳಿಗೆ ಅವನನ್ನು ಕಳಿಸಿಕೊಡಿ, ಅವನು ಕೆಳಗಿನ ಕೆಲಸ ಕಲಿಯಲಿ, ನಾನು ಮೇಲಿನದನ್ನು ಕಲಿಯುತ್ತೇನೆ ಎಂದ. ಅವನಿಗೆ ಆಗ ಐವತ್ತು ವರ್ಷ. ಹಡಗಿನಲ್ಲಿ ಅವನ ಮಾತಿಗೆ ಎದುರಾಡುವವರಿರಲಿಲ್ಲ. ಅಂಥವನು ಒಬ್ಬ ಕುಂಬಾರನ ಹೆಂಡತಿಯ ಮುಂದೆ ಏನೂ ಅರಿಯದವನಂತೆ ಕೈಕಟ್ಟಿ ನಿಂತ.

ಗಾಳಿ ತಿರುಗಿತು. ವರ್ತಕ ಒಬ್ಬ ನಾವಿಕನನ್ನು ಬಿಟ್ಟು ಐವರೊಂದಿಗೆ ಹಿಂತಿರುಗಿದ. ಬಂದರಿನಲ್ಲಿ ಊರೇ ನೆರೆದಿತ್ತು. ಹಡಗಿನಿಂದ ಹೊಸ ಮುಖ ಯಾವುದೂ ಇಳಿಯಲಿಲ್ಲ. ಹಿರಿಯರಿಗೆ ಕೋಪ ಬಂತು. ಒಬ್ಬನನ್ನು ಕರೆತರಲು ನಿನ್ನಿಂದ ಆಗಲಿಲ್ಲವೆ ಎಂದು ಅವರು ಕೇಳಿದರು.

“ಒಬ್ಬನನ್ನು ತರಲು ಹೋಗಿದ್ದೆ,” ಎಂದ ವರ್ತಕ. “ಅವನು ಒಬ್ಬನಲ್ಲ.”

ಯಾರಿಗೂ ಅದು ಅರ್ಥವಾಗಲಿಲ್ಲ. ಎರಡು ವರ್ಷ ಊರಿನವರು ವರ್ತಕನನ್ನು ಆಡಿಕೊಂಡರು. ಅವನು ಸಹಿಸಿಕೊಂಡ. ಬಿರುಗಾಳಿಯ ದಿನಗಳಿಗೆಂದು ತನ್ನ ಉಗ್ರಾಣವನ್ನು ಖಾಲಿ ಮಾಡಿ ಅಲ್ಲಿ ಸಿಹಿನೀರಿನ ಹಂಡೆಗಳನ್ನು ತುಂಬಿಸಿಟ್ಟ.

ಈಚೆ ದಡದಲ್ಲಿ ಕೆಲಸ ಮತ್ತೆ ಶುರುವಾದ ಮೇಲೂ ಅಕ್ಕ ಹಿರಿಯ ನಾವಿಕನಿಗೆ ಮೂರು ತಿಂಗಳು ಹಗ್ಗ ಮುಟ್ಟಲು ಬಿಡಲಿಲ್ಲ. ತನ್ನ ಪಕ್ಕದಲ್ಲಿ ಸುಮ್ಮನೆ ನಿಲ್ಲಿಸಿಕೊಂಡಳು. ಆಮೇಲೆ ತನ್ನ ಕೈಯ ಮುಂದೆ ಅವನ ಕೈಯನ್ನೂ ಹಗ್ಗದ ಮೇಲೆ ಇರಿಸಿಕೊಂಡಳು. ಬಾವಿ ತೋಡುವವನ ಕಾಲು ಕೂಡಿತ್ತು, ಕುಂಟು ಉಳಿದಿತ್ತು. ಅವನು ಮೊದಲಿನಂತೆ ಇಳಿಯುತ್ತಿದ್ದ. ನಾವಿಕನ ತಮ್ಮ ಬಂದ ಮೇಲೆ ಅವನನ್ನೂ ಜೊತೆಗೆ ಇಳಿಸಿಕೊಂಡ. ನೇಕಾರರ ಬಾವಿ ಮುಗಿದು ಅದರ ನಂತರ ಇನ್ನೂ ಎರಡು ಬಾವಿಗಳಾದವು. ಕೊನೆಯದರಲ್ಲಿ ಕೆಳಗಿದ್ದವನು ನಾವಿಕನ ತಮ್ಮ, ಮೇಲಿದ್ದವನು ನಾವಿಕ. ಒಂದು ಮಧ್ಯಾಹ್ನ ಯಾರೂ ಕೇಳದೆಯೇ ನಾವಿಕ ನೀರಿನ ತಂಬಿಗೆ ಇಳಿಸಲು ಹೇಳಿದ. ಅಕ್ಕ ಎದ್ದು ಮನೆಗೆ ಹೋದಳು. ಅವಳು ಇನ್ನು ಕಲಿಸಬೇಕಾದದ್ದು ಇರಲಿಲ್ಲ.

ಅಣ್ಣತಮ್ಮಂದಿರು ತಮ್ಮ ಊರಿಗೆ ಹೋಗಿ ಬಂಡೆ ಒಡೆದರು. ಹನ್ನೊಂದಾಳುದ್ದದಲ್ಲಿ ನೀರು ಬಂತು. ಸಿಹಿನೀರು.

ಆ ವರ್ಷ ಹಿರಿಯರು ವರ್ತಕನನ್ನು ಮತ್ತೆ ಈಚೆಗೆ ಕಳಿಸಿದರು. ಈ ಸಲ ಕರೆ ಅಕ್ಕತಮ್ಮ ಇಬ್ಬರಿಗೂ ಇತ್ತು, ಬಂದು ನೀರು ಕುಡಿದು ಹೋಗಲು. ಅಕ್ಕ ಮೊಮ್ಮಗನನ್ನು ಮಗಳ ಕೈಗೆ ಕೊಟ್ಟು ಹೊರಟಳು. ತಮ್ಮನೂ ಹೊರಟ. ಹಡಗಿನಲ್ಲಿ ಅವನಿಗೆ ಒಂದು ಚೂರೂ ಹೆದರಿಕೆಯಾಗಲಿಲ್ಲ. ಅಂಚಿನಿಂದ ಬಗ್ಗಿ, ಇಲ್ಲಿ ಎಷ್ಟಾಳುದ್ದ ಇದ್ದೀತು ಎಂದು ಎಲ್ಲರನ್ನೂ ಕೇಳುತ್ತಿದ್ದ. ಆಚೆ ದಡದಲ್ಲಿ ಹದಿನೈದು ದಿನ ಇದ್ದರು. ಅವನು ಬಾವಿಗಿಳಿದು ಗೋಡೆಯ ಕಲ್ಲುಗಳನ್ನೆಲ್ಲ ತಟ್ಟಿ ನೋಡಿ, ಒಂದು ಕಲ್ಲನ್ನು ತೆಗೆಸಿ ತಿರುಗಿಸಿ ಇಡಿಸಿದ. ಹಿರಿಯರು ಮತ್ತೊಮ್ಮೆ ಕಲ್ಲಿನ ಮನೆಯ ಮಾತೆತ್ತಿದರು. ಅವನು ನಗುತ್ತ ಕೈ ಮುಗಿದ. ಗಾಳಿ ಮತ್ತೆ ತಿರುಗಿದ ಕೂಡಲೆ ಅಕ್ಕತಮ್ಮ ಊರಿಗೆ ಬಂದರು. ಅವನು ಬದುಕಿರುವವರೆಗೆ ಬಾವಿ ತೋಡಿದ.

ಕತೆ ಮುಗಿಯಿತು. ಕಂಚಿನ ಎರಕದವನ ಬಗ್ಗೆ ತಾನು ಆಡಿದ ಮಾತು ತಪ್ಪೆಂದು ಮುರಿಗೆಯ್ಯ ಒಪ್ಪಿಕೊಂಡ. ಅಷ್ಟಕ್ಕೇ ನಿಲ್ಲಲಿಲ್ಲ. ಅವನ ಮನಸ್ಸು ಇನ್ನೊಂದು ಬದಿಗೆ ವಾಲಿತ್ತು.

“ಹಾಗಾದರೆ ಸ್ವಾಮಿ, ಕರೆ ಬಂದ ಕೂಡಲೆ ಎದ್ದು ಹೊರಟುಹೋದವರದು ತಪ್ಪಲ್ಲವೆ?”

ಗುರುಗಳು ಎದ್ದು ನಿಂತರು.

“ತಪ್ಪೆಲ್ಲಿಂದ ಬಂತು ಮುರಿಗೆಯ್ಯ, ಮೇಲೆ ಹಗ್ಗ ಹಿಡಿದವರು ಯಾರೂ ಇಲ್ಲವೆಂದು ತಿಳಿದೂ ಇಳಿದವರು ಅವರು.”